ಟೂರಿಡ್ ಹೇಳುತ್ತಿದ್ದ ಸುಳ್ಳು

ನಾರ್ವೆಯ ಪಡುವಣ ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಟೂರಿಡ್ ಮಿಕ್ಲೆಬುಸ್ಟ್ ಹತ್ತೊಂಬತ್ತು ವರ್ಷಗಳಿಂದ ಹೊಸ ನರ್ಸುಗಳನ್ನು ಪಳಗಿಸುತ್ತಿದ್ದಳು. ವಾರ್ಡಿನಲ್ಲಿ ಅವರ ಬೆನ್ನ ಹಿಂದೆಯೇ ನಿಂತು, ಸೂಜಿ ಹಿಡಿಯುವ ಕೈ, ರೋಗಿಯ ಹೆಸರು ಕೇಳುವ ದನಿ ಎರಡನ್ನೂ ತಿದ್ದುವುದು ಅವಳ ಕೆಲಸ. "ಲೇಬಲ್ ಓದಿದ್ಯಾ? ಜೋರಾಗಿ ಓದು. ನಂಗಲ್ಲ, ನಿನ್ನ ಕಿವಿಗೆ ಕೇಳ್ಬೇಕು" ಎಂದು ಗದರುವಳು. ಹುಡುಗಿಯರು ಅವಳಿಗೆ 'ಲೇಬಲ್ ಅಜ್ಜಿ' ಎಂದು ಹೆಸರಿಟ್ಟಿದ್ದರು.

ಪ್ರತಿ ತಂಡಕ್ಕೂ ಮೊದಲ ದಿನ ಒಂದೇ ಕಥೆ. ಇಪ್ಪತ್ತಮೂರು ವರ್ಷದ ಒಬ್ಬ ನರ್ಸ್, ರೋಗಿಯ ರಕ್ತನಾಳಕ್ಕೆ ಹಾಕಿದ್ದ ಕೊಳವೆ ತೊಳೆಯಲು ಉಪ್ಪುನೀರಿನ ಬದಲು, ನೋಡಲು ಹಾಗೇ ಇದ್ದ ಸೀಸೆಯಿಂದ ಪೊಟ್ಯಾಸಿಯಂ ಕೊಟ್ಟುಬಿಟ್ಟಳು. ಆಸ್ಬ್ಯೋರ್ನ್ ಎಂಬ ಮೀನುಗಾರ "ಕೈ ಉರೀತಿದೆ ಕಣಮ್ಮಾ" ಎಂದ. "ಈಗ ಸರಿಹೋಗುತ್ತೆ" ಎಂದಳು ಅವಳು. ನಿಮಿಷದೊಳಗೆ ಅವನ ಹೃದಯ ನಿಂತಿತು.

"ಆ ನರ್ಸ್ ಏನಾದ್ಲು?" ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

"ಕೆಲಸ ಬಿಟ್ಲು."

ಅದು ಸುಳ್ಳು. ಆ ನರ್ಸ್ ಟೂರಿಡಳೇ. ವಿಚಾರಣೆ ಮುಗಿದು ಎಚ್ಚರಿಕೆಯ ಪತ್ರ ಕೈಗೆ ಬಂದ ಮೇಲೂ ಅವಳು ಉಳಿದುಕೊಂಡಿದ್ದಳು. ಅವಳೊಂದಿಗೆ ಆ ಮೀನುಗಾರನೂ ಉಳಿದ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಬೆನ್ನ ಹಿಂದಿನಿಂದ ಆ ದನಿ ಮೆಲ್ಲಗೆ, ಯಾವ ಕೋಪವೂ ಇಲ್ಲದೆ ಬರುತ್ತಿತ್ತು: ಕೈ ಉರೀತಿದೆ ಕಣಮ್ಮಾ. ಗಂಡನಿಗೆ ವಿಚಾರಣೆಯ ವಿಷಯ ಗೊತ್ತಿತ್ತು, ಈ ದನಿಯ ವಿಷಯ ಗೊತ್ತಿರಲಿಲ್ಲ. ತಿರುಗಿ ನೋಡುವುದನ್ನು ಅವಳು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಕಳೆದ ಮಾರ್ಚಿನಲ್ಲಿ ಇಂಗ್ವಿಲ್ಡ್ ಎಂಬ ಹೊಸ ಹುಡುಗಿ ಆರನೇ ಹಾಸಿಗೆಯ ಇನ್ಸುಲಿನ್ನನ್ನು ಎಂಟನೇ ಹಾಸಿಗೆಯ ಮುದುಕಿಗೆ ಚುಚ್ಚಿದಳು. ತಾನೇ ಕಂಡುಕೊಂಡು ಕೂಗಿಕೊಂಡಳು. ಗ್ಲೂಕೋಸ್ ಏರಿಸಿದರು. ಮುದುಕಿ ಮಧ್ಯಾಹ್ನಕ್ಕೆ ಎದ್ದು ಕೂತು ಕಾಫಿ ಕೇಳಿದಳು. ಅಷ್ಟು ಹೊತ್ತಿಗೆ ಇಂಗ್ವಿಲ್ಡ್ ಬಟ್ಟೆ ಬದಲಿಸುವ ಕೋಣೆಯಲ್ಲಿ ತನ್ನ ಸಾಮಾನನ್ನೆಲ್ಲ ಚೀಲಕ್ಕೆ ತುಂಬುತ್ತಿದ್ದಳು.

"ಎಲ್ಲಿಗೆ?" ಎಂದಳು ಟೂರಿಡ್.

"ಮನೆಗೆ. ನೀವೇ ಹೇಳಿದ್ರಲ್ಲ, ಆ ನರ್ಸ್ ಬಿಟ್ಲು ಅಂತ. ಮಾನ ಇದ್ದೋರು ಬಿಡ್ತಾರೆ."

ಟೂರಿಡ್ ಬೆಂಚಿನ ಮೇಲೆ ಕೂತಳು. ಇಷ್ಟು ವರ್ಷಗಳಲ್ಲಿ ಕಾರಣ ಹೇಳದೆ ಕೆಲಸ ಬಿಟ್ಟುಹೋದ ಮೂರ್ನಾಲ್ಕು ಹುಡುಗಿಯರ ಮುಖಗಳು ಕಣ್ಣ ಮುಂದೆ ಬಂದವು. ಅವರೂ ಈ ಮಾತನ್ನೇ ನಂಬಿಕೊಂಡು ಹೋದರೇನೋ.

"ಬಿಡ್ಲಿಲ್ಲ ಕಣೇ ಅವ್ಳು. ಇಲ್ಲೇ ಕೂತಿದಾಳೆ."

ಇಂಗ್ವಿಲ್ಡ್ ಚೀಲವನ್ನು ಕೆಳಗಿಟ್ಟಳು. "ಈಗ್ಲೂ ನೆನಪಾಗುತ್ತಾ?"

"ದಿನಾ. ಹೋಗುತ್ತೆ ಅಂತ ನಿಂಗೆ ಸುಳ್ಳು ಹೇಳಲ್ಲ."

"ಮತ್ತೆ ಹೆಂಗೆ ತಡ್ಕೊಂಡಿದೀರಿ?"

"ಹಿಂಗೇ. ನಡಿ, ಆ ಅಜ್ಜಿ ಹತ್ರ ಹೋಗಿ ನಡೆದದ್ದನ್ನ ನೀನೇ ಹೇಳು. ನಾನು ಪಕ್ಕದಲ್ಲಿರ್ತೀನಿ."

ಮುದುಕಿ ಚೆನ್ನಾಗಿಯೇ ಬೈದಳು. ಇಂಗ್ವಿಲ್ಡ್ ನಿಂತು ಪೂರ್ತಿ ಕೇಳಿಸಿಕೊಂಡಳು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಬಂದಳು.

ಆಗಸ್ಟಿನಲ್ಲಿ ಹೊಸ ತಂಡದ ಮುಂದೆ ಟೂರಿಡ್ "ನಾನು" ಎಂದೇ ಕಥೆ ಶುರು ಮಾಡಿದಳು. ಆ ನರ್ಸ್ ಏನಾದಳು ಎಂದು ಆ ದಿನ ಯಾರೂ ಕೇಳಬೇಕಾಗಲಿಲ್ಲ.