ಅಳಬೇಡಿ ಎಂದವರ ಜಾಗದಲ್ಲಿ

ಆ ಶನಿವಾರ ನನ್ನ ಗಂಡ ಕೊಟ್ಟೂರಿನಲ್ಲಿ ಒಂದು ಮನೆಗೆ ಸುಣ್ಣ ಹೊಡೆದು, ಸಂಜೆಯ ಬಸ್ಸಿಗೆ ಹಡಗಲಿಗೆ ಬಂದರು. ಬೆರಳ ಸಂದಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತ ಕೂತರು. ನಾನು ಕಟ್ಟುತ್ತಿದ್ದ ಮಲ್ಲಿಗೆ ಮೊಗ್ಗನ್ನು ಬದಿಗಿಟ್ಟು ಬೈಬಲ್ ತೆಗೆದೆ. ಅವರಿಗೆ ಓದು ಬಾರದು. ನಾನು ಏಳನೇ ತರಗತಿವರೆಗೆ ಓದಿದವಳು. ಪ್ರತಿ ಶನಿವಾರ ನಾನು ಓದುವುದು, ಅವರು ಕೇಳಿ ಮನಸ್ಸಿನಲ್ಲಿಟ್ಟುಕೊಳ್ಳುವುದು. ಭಾನುವಾರ ನಮ್ಮ ಪಡಸಾಲೆಯಲ್ಲಿ ಎಂಟು ಮನೆಯವರು ಪ್ರಾರ್ಥನೆಯ ಸಭೆಗೆ ಸೇರಿದಾಗ ನಾನು ಎರಡೆರಡು ಸಾಲು ಓದಿ ನಿಲ್ಲಿಸುತ್ತಿದ್ದೆ, ಅವರು ಅರ್ಥ ಹೇಳುತ್ತಿದ್ದರು.

“ಸಾವಕಾಶ ಓದು. ಬಸ್ ತಪ್ಪತೈತೇನು?” ಎಂದು ನಕ್ಕರು.

ಮರುದಿನ ನಸುಕಿಗೆ ಎದೆ ಹಿಡಿದುಕೊಂಡರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮಾಡುವಾಗ ನಾನು ಅಳಲಿಲ್ಲ. ಮೊದಲೆಲ್ಲ ನಮ್ಮವರಲ್ಲಿ ಸತ್ತವರ ಗುಣ ಹಾಡಿ, ಎದೆ ಬಡಿದುಕೊಂಡು ಅಳುವುದಿತ್ತು. ನಾವೆಲ್ಲ ಯೇಸುವಿನ ಸಭೆಗೆ ಬಂದ ಮೇಲೆ ಅದನ್ನು ಬಿಡಿಸಿದವರೇ ನನ್ನ ಗಂಡ. “ಅಳಬ್ಯಾಡ್ರಿ. ಸತ್ತವರು ಎದ್ದು ಬರ್ತಾರಂತ ನಂಬಿದವರು ನಾವು,” ಎನ್ನುತ್ತಿದ್ದರು. ಎದುರುಮನೆಯ ಅಜ್ಜಿ ಆ ಮಾತಿಗೆ ಕಟ್ಟುಬಿದ್ದು ತನ್ನ ಒಬ್ಬನೇ ಮಗನನ್ನು ಒಣಗಣ್ಣಿನಲ್ಲೇ ಮಣ್ಣಿಗೆ ಕಳಿಸಿಕೊಟ್ಟಿದ್ದಳು. ನಾನೂ ಹಾಗೇ ನಿಂತೆ.

ತಿಂಗಳಿಗೊಮ್ಮೆ ಹರಪನಹಳ್ಳಿಯಿಂದ ಬರುವ ಪಾಸ್ಟರು, “ಅಕ್ಕಾರ, ಇನ್ನ ಮುಂದ ನೀವ ಸಭಿ ನಡಸ್ರಿ,” ಎಂದರು.

“ನನ್ನ ಕೈಲಾಗಲ್ರಿ. ಯಾರರ ಗಂಡಸರನ್ನ ನೋಡ್ರಿ.”

“ನೋಡೀವಲ್ಲ ಈ ಗಂಡಸರ ಮುಖಾನ,” ಎಂದಳು ಅಜ್ಜಿ. “ಒಂದು ಸಾಲು ಕೂಡಿಸಿ ಓದೋದ್ರಾಗ ಹೊತ್ತು ಮುಳುಗತೈತಿ.”

ಗಂಡಸರೂ ನಕ್ಕರು. ನನಗೆ ನಗು ಬರಲಿಲ್ಲ. ಹಿಂದೆ ಗೋಡೆಗೊರಗಿ ಸುಮ್ಮನೆ ಕೂರುವುದಷ್ಟೇ ನನಗೆ ಬೇಕಾಗಿತ್ತು. ಎರಡು ವಾರ ಒಲ್ಲೆ ಎಂದೆ. ಜನ ಬಂದು, ಒಂದು ಹಾಡು ಹಾಡಿ ಎದ್ದು ಹೋದರು. ಎರಡನೆಯ ವಾರ ಬಂದದ್ದು ಮೂರೇ ಮನೆಯವರು. ದೇವರು ಕರೆಯುತ್ತಿರುವುದು ನನ್ನನ್ನೇ ಎಂದು ತಿಳಿಯಿತು. ಸಂತೋಷವಾಗಲಿಲ್ಲ, ಸಿಟ್ಟು ಬಂತು. ನನ್ನ ಮನೆಯವರನ್ನು ಕರೆದುಕೊಂಡದ್ದು ಸಾಲದೆ?

ಮೂರನೆಯ ವಾರ ಬೈಬಲ್ ತೆಗೆದೆ. ಸತ್ತ ಗೆಳೆಯನನ್ನು ಬದುಕಿಸಿ ಎಬ್ಬಿಸುವ ಮುನ್ನ ಅವನ ಸಮಾಧಿಯ ಹತ್ತಿರ ಯೇಸುಸ್ವಾಮಿ ಕಣ್ಣೀರಿಟ್ಟ ಭಾಗ. ಎರಡು ಸಾಲು ಓದಿ, ರೂಢಿಯಂತೆ ನಿಲ್ಲಿಸಿಬಿಟ್ಟೆ. ಅವರು ಕೂರುತ್ತಿದ್ದ ಕಡೆ ತಿರುಗಿದೆ. ಎಲ್ಲರೂ ಆ ಕಡೆಯೇ ನೋಡಿದರು.

“ನೀನ ಹೇಳಬೇಕವ್ವ ಈಗ,” ಎಂದಳು ಅಜ್ಜಿ ಮೆಲ್ಲಗೆ.

“ಎಬ್ಬಸ್ತೀನಂತ ಗೊತ್ತಿದ್ರೂ ಸ್ವಾಮಿ ಅತ್ತಾನ,” ಎಂದೆ. “ಮತ್ತ ನಾವ್ಯಾಕ ಅಳಬಾರದು, ನನಗ ಗೊತ್ತಿಲ್ಲ.”

ಅಜ್ಜಿ ಸೆರಗನ್ನು ಬಾಯಿಗೊತ್ತಿಕೊಂಡಳು. ತಡೆಯಲಾಗಲಿಲ್ಲ. ಎಷ್ಟೋ ವರ್ಷದ ಅಳು. ಮಗನ ಗುಣ ಹಾಡಿ ಅತ್ತಳು. ನಾನು ಪುಸ್ತಕ ಮಡಚಿ, ಅವಳ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ.

ಸಭೆ ಮುಚ್ಚಲಿಲ್ಲ. ಆಮೇಲೆ ಕೂಡ್ಲಿಗಿ, ತಂಬ್ರಹಳ್ಳಿ ಕಡೆಯ ಸಾವಿನ ಮನೆಗಳಿಗೂ ಹೋಗಿದ್ದೇನೆ. ಮೊದಲು ಆ ಮನೆಯವರನ್ನು ಮನಸಾರೆ ಅಳಲು ಬಿಟ್ಟು, ಬಳಿಕ ಪ್ರಾರ್ಥಿಸುತ್ತೇನೆ. ನನ್ನ ಗಂಡ ಕಲಿಸಿದ್ದನ್ನು ಅವರ ಜಾಗದಲ್ಲೇ ಕೂತು ಬಿಡಿಸಿದವಳು ನಾನು. ಮಾಡಿದ್ದು ಸರಿಯೇ ಎಂದು ಕೇಳೋಣವೆಂದರೆ ಅವರಿಲ್ಲ.