ಸೀಸವಿಲ್ಲದ ಗುಂಡಿಗಾಗಿ ಕೆಂಟನ್‌ನಿಂದ ಅಪ್‌ಮಿನ್‌ಸ್ಟರ್‌ಗೆ

ಕೆಂಟನ್‌ನ ಮಗಳ ಮನೆಯಿಂದ ನಾವು ಹೊರಟಾಗ ಬೆಳಗಿನ ಎಂಟೂವರೆ. ಅಕ್ಟೋಬರ್ ಕೊನೆಯ ವಾರ, ಜಿಟಿಜಿಟಿ ಮಳೆ, ಒಂಬತ್ತು ಡಿಗ್ರಿ ಚಳಿ. ಧಾರವಾಡದಿಂದ ತಂದಿದ್ದ ಮಂಕಿ ಕ್ಯಾಪು, ಮಫ್ಲರ್, ಅದರ ಮೇಲೆ ಅಳಿಯನ ಜಾಕೆಟ್ಟು, ಇಷ್ಟನ್ನೂ ಹೇರಿಕೊಂಡು ಕಾರಿನಲ್ಲಿ ಕೂತೆ. ಹಿಂದಿನ ಡಿಕ್ಕಿಯಲ್ಲಿ ಚೀಲದೊಳಗೆ ಒಂದು ರೈಫಲ್ ಇತ್ತು. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವನು, ಚಾತುರ್ಮಾಸದಲ್ಲಿ ಉಳ್ಳಾಗಡ್ಡಿಯನ್ನೂ ಮುಟ್ಟದವನು ನಾನು. ಜಿಂಕೆ ಹೊಡೆಯುವ ಗುಂಡು ಕೊಳ್ಳಲು ಲಂಡನ್ನಿನ ಪಡುವಣ ತುದಿಯಿಂದ ಮೂಡಣ ತುದಿಗೆ ಹೊರಟಿದ್ದೆ. ಹಣೆಬರಹ ಅಂತಾರಲ್ಲ, ಅದು ಇದೇ.

ಕಳಿಸಿದವಳು ಮಗಳು ವೀಣಾ. ಇಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್. ಅಳಿಯ ಬೋಪಣ್ಣ ಕೊಡಗಿನವರು, ರೈಲ್ವೆ ಸಿಗ್ನಲ್ ಇಂಜಿನಿಯರ್. ಚಳಿಗಾಲದಲ್ಲಿ ಸ್ಕಾಟ್ಲೆಂಡಿನ ಗೆಳೆಯನೊಬ್ಬನ ಗುಡ್ಡಕ್ಕೆ ಹೋಗಿ, ಹೆಚ್ಚಾದ ಜಿಂಕೆಗಳನ್ನು ಲೈಸೆನ್ಸಿನ ಪ್ರಕಾರ ಹೊಡೆದು, ಮಾಂಸ ತರುತ್ತಿದ್ದರು. ಎರಡು ವರ್ಷದ ಹಿಂದೆ ವೀಣಾಗೆ ಐದನೇ ತಿಂಗಳಲ್ಲಿ ಗರ್ಭ ಇಳಿದುಹೋಯಿತು. ಆ ಚಳಿಗಾಲವೆಲ್ಲ ಮನೆಯಲ್ಲಿ ಅದೇ ಮಾಂಸ ಬೇಯುತ್ತಿತ್ತು. ಆಮೇಲೆ ಬೋಪಣ್ಣ ಯಾವುದೋ ಪತ್ರಿಕೆಯಲ್ಲಿ ಹೊಡೆದ ಜಿಂಕೆಯ ಒಂದು ಎಕ್ಸ್‌ರೇ ಚಿತ್ರ ನೋಡಿದರಂತೆ. ಸೀಸದ ಗುಂಡು ತಾಗಿದ ಕಡೆಯಿಂದ ಗೇಣುದೂರದವರೆಗೆ, ಒಗ್ಗರಣೆಯ ಸಾಸಿವೆ ಸಿಡಿದಂತೆ, ಸೀಸದ ಚೂರುಗಳು. ಸೀಸ ವಿಷ, ಹೊಟ್ಟೆಯೊಳಗಿನ ಕೂಸಿಗಂತೂ ಇನ್ನೂ ಕೆಟ್ಟದ್ದು. ಅಂದಿನಿಂದ ಅವರು ರೈಫಲ್ ಮುಟ್ಟಿರಲಿಲ್ಲ.

ಹಿಂದಿನ ದಿನ ವೀಣಾ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದ್ದಳು: "ಅಪ್ಪಾ, ನಾ ಡಾಕ್ಟರ್ ಇದ್ದೀನಿ. ಅದರಿಂದನ ಆತು ಅಂತ ಯಾರೂ ಹೇಳಲಿಕ್ಕೆ ಬರೂದಿಲ್ಲ, ಆಗಿಲ್ಲ ಅಂತನೂ ಹೇಳಲಿಕ್ಕೆ ಬರೂದಿಲ್ಲ. ಆದ್ರ ಇಂವ ತಾನ ಕೊಂದೆ ಅಂತ ನಿಶ್ಚಯ ಮಾಡಿಬಿಟ್ಟಾನ. ಈಗ ನನಗ ಮತ್ತ ನಾಕು ತಿಂಗಳು. ಇಂವ ಹಿಂಗ ಮುಖ ಕೆಳಗ ಹಾಕಿಕೊಂಡು ಓಡಾಡಿದ್ರ ಹುಟ್ಟೂ ಕೂಸಿಗೆ ಅಪ್ಪನ ಸಿಗೂದಿಲ್ಲ. ಸೀಸ ಇಲ್ಲದ ಗುಂಡು ತಗೊಂಡು ಮತ್ತ ಶುರು ಮಾಡು ಅಂತ ಎರಡು ಸಲ ಕಳಿಸಿದೆ. ಎರಡೂ ಸಲ ಅಂಗಡಿ ಬಾಗಲ ತನಕ ಹೋಗಿ ತಿರುಗಿ ಬಂದ. ಈ ಸಲ ನೀ ಜೋಡಿ ಹೋಗು." ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಮಗಳು ಕೇಳಿದಾಗ ಒಲ್ಲೆ ಅನ್ನಲು ನನಗೆ ಬಾಯಿ ಬರಲಿಲ್ಲ.

ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ ಕಾರುಗಳು ಇರುವೆ ಸಾಲು. ಇಪ್ಪತ್ತು ಮೈಲಿಗೆ ಒಂದೂವರೆ ತಾಸು ಹಿಡಿಯಿತು. ನಾನು ಸುಮ್ಮನೆ ಕೂಡುವ ಜಾತಿಯಲ್ಲ. ಸೀಸದ ಸಾಂದ್ರತೆ, ತಾಮ್ರದ ಸಾಂದ್ರತೆ ಅಂತ ಶುರು ಮಾಡಿದೆ. ಬೋಪಣ್ಣ ಹತ್ತು ನಿಮಿಷ ಕೇಳಿಸಿಕೊಂಡು, "ಮಾವ, ಪರೀಕ್ಷೆ ಇದ್ಯಾ ಕೊನೇಲಿ?" ಅಂದರು. ನಾನು ಬಂದ ಮೂರು ದಿನದಲ್ಲಿ ಅವರ ಬಾಯಿಂದ ಬಂದ ಮೊದಲ ತಮಾಷೆ ಅದು.

ಈಸ್ಟ್ ಹ್ಯಾಮ್‌ನಲ್ಲಿ ಹಸಿವಾಯಿತು. ಹೈ ಸ್ಟ್ರೀಟ್ ನಾರ್ತ್‌ನ ಎರಡೂ ಬದಿಗೆ ಸೀರೆ ಅಂಗಡಿ, ದೋಸೆ ಹೋಟೆಲು. ಒಳಗೆ ಕೂತು ಬಿಸಿಬಿಸಿ ತಿನ್ನೋಣವೆಂದರೆ ರೈಫಲ್ ಅಡ್ಡ ಬಂತು. ಅದನ್ನು ಕಾರಿನಲ್ಲಿ ಬಿಟ್ಟು ಹೋಗುವಂತಿಲ್ಲ, ಲೈಸೆನ್ಸ್ ಇಲ್ಲದ ನನ್ನನ್ನು ಕಾವಲಿಗೆ ಕೂಡಿಸುವಂತೆಯೂ ಇಲ್ಲ. ನಾನೇ ಇಳಿದು ಎರಡು ಸಾದಾ ದೋಸೆ, ಎರಡು ಕಾಫಿ ಕಟ್ಟಿಸಿ ತಂದೆ. ಹದಿನೇಳು ಪೌಂಡ್. ಧಾರವಾಡದಲ್ಲಿ ಅಷ್ಟಕ್ಕೆ ಓಣಿಯವರಿಗೆಲ್ಲ ತಿನ್ನಿಸಬಹುದಿತ್ತು. ಅಡ್ಡ ಬೀದಿಯಲ್ಲಿ ಕಾರು ನಿಲ್ಲಿಸಿ, ತೊಡೆಯ ಮೇಲೆ ಪೊಟ್ಟಣ ಬಿಚ್ಚಿ ತಿಂದೆವು.

ದೋಸೆ ಅರ್ಧವಾದಾಗ ಬೋಪಣ್ಣ ಕೈ ನಿಲ್ಲಿಸಿದರು. "ಗಾಯದ ಸುತ್ತ ಕತ್ತರಿಸಿ ಎಸೆದ್ರೆ ಸಾಕು ಅಂದ್ಕೊಂಡಿದ್ದೆ ಮಾವ. ನಮ್ಮ ಅಜ್ಜ ಹಾಗೇ ಮಾಡ್ತಿದ್ರು. ಅವಳಿಗೆ ಹುಷಾರಿಲ್ಲದಾಗ ನಾನೇ ಸೂಪ್ ಮಾಡಿ ಕುಡಿಸ್ತಿದ್ದೆ. ಬೇಡ ಅಂದ್ರೂ ಕುಡಿಸ್ತಿದ್ದೆ." "ದೋಸಿ ಆರ್ತದ, ತಿನ್ರಿ," ಅಂದೆ.

ಅಲ್ಲಿಂದ ಅಪ್‌ಮಿನ್‌ಸ್ಟರ್ ಹನ್ನೊಂದು ಮೈಲಿ. ಊರು ದಾಟಿದ ಮೇಲೆ ಹೊಲಗಳು ಶುರುವಾದವು. ಲಂಡನ್ನಿನ ಒಳಗೇ ಕುದುರೆ ಮೇಯುತ್ತಿದ್ದವು. ಅಂಗಡಿ ಎಂದರೆ ಒಂದು ಹಳೆಯ ಕೊಟ್ಟಿಗೆ, ಹಿಂದೆ ಗುರಿ ಅಭ್ಯಾಸದ ಬಯಲು. ಕಾರು ನಿಲ್ಲಿಸಿ ಬೋಪಣ್ಣ ಸ್ಟೀರಿಂಗ್ ಹಿಡಿದೇ ಕೂತರು. ಐದು ನಿಮಿಷವಾಯಿತು. "ಇನ್ನೊಂದು ದಿನ ಬರೋಣ ಮಾವ," ಅಂದರು.

ನನಗೆ ಎಲ್ಲಿಂದ ಸಿಟ್ಟು ಬಂತೋ. ಬಾಗಿಲು ತೆಗೆದು ಇಳಿದೆ, ಮಂಕಿ ಕ್ಯಾಪಿನಲ್ಲೇ ಒಳಗೆ ನಡೆದೆ. ಕೌಂಟರಿನಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು. ಜಿಂಕೆಗೆ ಸೀಸವಿಲ್ಲದ ಗುಂಡು ಬೇಕು ಅಂತ ನನ್ನ ಕಾಲೇಜು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಲೈಸೆನ್ಸ್ ಕೇಳಿದರು. ಸಿಟ್ಟಿನ ಗಡಿಬಿಡಿಯಲ್ಲಿ ಗುರುತಿನ ಚೀಟಿ ಎಂದುಕೊಂಡು ಆಧಾರ್ ಕಾರ್ಡು ತೆಗೆದು ಮುಂದಿಟ್ಟೆ. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬಹಳ ಸಮಾಧಾನದಿಂದ, "ಇದರಲ್ಲಿ ಯಾವ ರೈಫಲ್ ಅಂತ ಬರೆದಿಲ್ಲವಲ್ಲ," ಅಂದರು. ಹಿಂದೆ ಯಾರೋ ನಕ್ಕ ಸದ್ದು. ಚೀಲ ಹೆಗಲಿಗೆ ಹಾಕಿಕೊಂಡು ಬೋಪಣ್ಣ ಬಾಗಿಲಲ್ಲಿ ನಿಂತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಒಳಗಂತೂ ಬಂದಿದ್ದರು.

ಆ ಹೆಂಗಸಿನ ಹೆಸರು ಮಾರ್ಗರೆಟ್. ನಾನು ಮೇಷ್ಟ್ರು ಎಂದು ತಿಳಿದ ಮೇಲೆ ಬಲು ಉತ್ಸಾಹದಿಂದ ಎರಡು ಗುಂಡು ತೆಗೆದಿಟ್ಟರು. ಎರಡರ ಮೈಯೂ ತಾಮ್ರದ ಬಣ್ಣ. ತೂಕ ಒಂದೇ, ಆದರೆ ಒಂದು ಉದ್ದ, ಒಂದು ಗಿಡ್ಡ. "ಗಿಡ್ಡಂದರಾಗ ಸೀಸ ಅದ," ಅಂದೆ. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಭಾರ ಸೀಸಕ್ಕಲ್ಲದೆ ತಾಮ್ರಕ್ಕೆ ಬರುವುದಿಲ್ಲ. ಮಾರ್ಗರೆಟ್ ಮೇಜು ಬಡಿದು ಸೈ ಅಂದರು. ಆಮೇಲೆ ಹೊಡೆದು ಹೆಕ್ಕಿದ ಗುಂಡುಗಳನ್ನು ತೋರಿಸಿದರು. ಸೀಸದ್ದು ಮೂರರಲ್ಲಿ ಒಂದು ಪಾಲು ಉದುರಿ ಮುದ್ದೆಯಾಗಿತ್ತು. ತಾಮ್ರದ್ದು ಮೂತಿ ಬಿರಿದು ನಾಲ್ಕು ಎಸಳಾಗಿತ್ತು, ತೂಕ ಹೆಚ್ಚುಕಡಿಮೆ ಹಾಗೇ ಉಳಿದಿತ್ತು.

"ತಾಮ್ರ ಗಟ್ಟಿ," ಅಂತ ಮಾರ್ಗರೆಟ್ ವಿವರಿಸಿದರು. "ಜೋರಾಗಿ ಹೋಗಿ ತಾಗಿದರೆ ಮಾತ್ರ ಹೀಗೆ ಬಿರಿಯುತ್ತದೆ. ದೂರ ಹೋದಷ್ಟೂ ವೇಗ ಇಳಿಯುತ್ತದೆ. ಆಗ ಬಿರಿಯದೆ ಸೂಜಿಯ ಹಾಗೆ ತೂರಿಹೋಗುತ್ತದೆ. ಜಿಂಕೆ ಗಾಯ ಹೊತ್ತುಕೊಂಡು ಓಡುತ್ತದೆ, ಎಲ್ಲೋ ಬಿದ್ದು ನರಳಿ ಸಾಯುತ್ತದೆ. ದೂರಕ್ಕೆ ಹೊಡೆಯುವವರು ಹಗುರವಾದ, ವೇಗದ ಗುಂಡು ಆರಿಸಬೇಕು. ನೀವು ಎಷ್ಟು ದೂರಕ್ಕೆ ಹೊಡೆಯುತ್ತೀರಿ?"

"ಮುನ್ನೂರು ಗಜ," ಅಂದರು ಬೋಪಣ್ಣ. ಒಂದು ಕಾಲಕ್ಕೆ ಅದು ಅವರ ಹೆಮ್ಮೆ, ಮದುವೆಯ ಹೊತ್ತಿನಲ್ಲಿ ನಾನೂ ಕೇಳಿದ್ದೆ. ಬಿರಿದ ಗುಂಡನ್ನು ಅಂಗೈಯಲ್ಲಿ ಹೊರಳಿಸಿದರು. "ಇನ್ಮೇಲೆ ಇನ್ನೂರು. ಇನ್ನೂ ಹತ್ತಿರ ಬೇಕಾದ್ರೆ ತೆವಳಿಕೊಂಡು ಹೋಗ್ತೇನೆ." ಯಾರೂ ಕೇಳದೆ ಹೇಳಿದ ಮಾತು. ನೂರಮೂವತ್ತು ಗ್ರೇನ್ ತೂಕದ ಹಗುರ ಗುಂಡಿನ ತೋಟಾ ಒಂದು ಡಬ್ಬಿ, ನೂರೈವತ್ತರದ್ದು ಒಂದು ಡಬ್ಬಿ ಕೊಂಡರು. ಒಂದೊಂದು ರೈಫಲ್ಲಿಗೆ ಒಂದೊಂದು ಗುಂಡು ಒಗ್ಗುತ್ತದಂತೆ. ಹೊಡೆದೇ ನೋಡಬೇಕು.

ಬಯಲಿನ ಬಾಡಿಗೆ ಹದಿನೈದು ಪೌಂಡ್. ಮಳೆ ನಿಂತಿತ್ತು. ಮಾರ್ಗರೆಟ್‌ರ ತಮ್ಮ ನನಗೆ ಕಿವಿಮುಚ್ಚಳ ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂಡಿಸಿದರು. ನೂರು ಗಜದಾಚೆ ಮಣ್ಣಿನ ದಿಬ್ಬ, ಅದರ ಮುಂದೆ ಕಾಗದದ ಗುರಿ. ನೂರೈವತ್ತರ ಮೂರು ಗುಂಡು ಅಂಗೈಯಗಲ ಚದುರಿದವು. ಎದ್ದು ಬಿಡುತ್ತಾರೇನೋ ಅಂದುಕೊಂಡೆ. ಏಳಲಿಲ್ಲ. ನಳಿಕೆ ಒರೆಸಿ, ಆರುವ ತನಕ ಕಾದು, ನೂರಮೂವತ್ತು ತುಂಬಿದರು. ಒಂದೊಂದು ಉಸಿರಿಗೆ ಒಂದೊಂದು ಹೊಡೆದರು. ದುರ್ಬೀನಿನಲ್ಲಿ ನೋಡಿದರೆ ಮೂರು ತೂತು, ಒಂದು ಪೌಂಡ್ ನಾಣ್ಯದಲ್ಲಿ ಮುಚ್ಚಬಹುದಾದಷ್ಟು ಒತ್ತಟ್ಟಿಗೆ. ಹತ್ತು ನಿಮಿಷ ಬಿಟ್ಟು ಮತ್ತೆ ಮೂರು, ಮತ್ತೆ ಹಾಗೇ.

"ಆತಲ್ಲ, ನಡೀರಿ," ಅಂದೆ ನಾನು.

ಅವರು ಕಿವಿಮುಚ್ಚಳ ಕೆಳಗಿಳಿಸಿ ನನ್ನ ಹತ್ತಿರ ಬಂದರು. "ಮಾವ, ನಮ್ಮಲ್ಲಿ ಮನೆಯವರು ತೀರಿಕೊಂಡ್ರೆ ಅಂಗಳದಲ್ಲಿ ನಿಂತು ಎರಡು ಗುಂಡು ಹಾರಿಸ್ತಾರೆ. ಊರಿಗೆ ಗೊತ್ತಾಗ್ಲಿ, ಜನ ಬರ್ಲಿ ಅಂತ. ಮಗುಗೆ ನಾನು ಹಾರಿಸ್ಲಿಲ್ಲ. ಕೆಂಟನ್‌ನಲ್ಲಿ ಹಾರಿಸೋದು ಹೇಗೆ? ಯಾರಿಗೂ ಹೇಳ್ಲೂ ಇಲ್ಲ. ಯಾರೂ ಬರ್ಲೂ ಇಲ್ಲ."

ಆ ಬಾರದವರಲ್ಲಿ ನಾನೂ ಒಬ್ಬ. ಅವತ್ತು ಮಗಳು ಫೋನ್ ಮಾಡಿದಾಗ, "ಹೋಗಲಿ ಬಿಡವಾ, ದೇವರು ಮತ್ತ ಕೊಡ್ತಾನ," ಅಂತ ಎರಡು ನಿಮಿಷದಲ್ಲಿ ಮಾತು ಮುಗಿಸಿದ್ದೆ. ಟಿಕೆಟ್ ತೆಗೆಸಿ ಬರಬೇಕು ಅಂತ ಹೊಳೆಯಲಿಲ್ಲ. ನಾಚಿಕೆಯಾಯಿತು. "ಈಗ ಹಾರಸ್ರಿ. ನಾ ಬಂದೀನಲ್ಲ," ಅಂದೆ.

ಇಲ್ಲಿ ಆಕಾಶಕ್ಕೆ ಹೊಡೆಯುವಂತಿಲ್ಲ. ಮಾರ್ಗರೆಟ್‌ರ ತಮ್ಮನಿಗೆ ಹೇಳಿ, ಮಣ್ಣಿನ ದಿಬ್ಬಕ್ಕೇ ಗುರಿಯಿಟ್ಟು ಬೋಪಣ್ಣ ಎರಡು ಗುಂಡು ಹೊಡೆದರು, ಒಂದರ ಬೆನ್ನಿಗೆ ಒಂದು. ಆ ಹೊತ್ತಿಗೆ ನಾನು ಮಂಕಿ ಕ್ಯಾಪು ತೆಗೆದು ಎದ್ದು ನಿಂತಿದ್ದೆ. ಯಾಕೆಂದು ಕೇಳದೆ ಆ ತಮ್ಮನೂ ಟೋಪಿ ತೆಗೆದರು.

ಮನೆ ಮುಟ್ಟಿದಾಗ ಐದೂವರೆ, ಬೀದಿ ದೀಪ ಹತ್ತಿದ್ದವು. ಬೋಪಣ್ಣ ರೈಫಲ್ಲನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿ, ಸಾಬೂನು ಹಚ್ಚಿ ಎರಡು ಸಲ ಕೈ ತೊಳೆದು ಅಡುಗೆಮನೆಗೆ ಬಂದರು. ವೀಣಾ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. "ಯಾವುದು ಸೆಟ್ ಆತು?" ಅಂದಳು.

"ನೂರಮೂವತ್ತು. ಇನ್ಮೇಲೆ ಇನ್ನೂರು ಗಜ ದಾಟಿ ಹೊಡೆಯಲ್ಲ." ಒಲೆಯ ಹತ್ತಿರ ಹೋಗಿ, "ವೀಣಾ, ಕೊನೆಗೆ ಎರಡು ಹೊಡೆದೆ. ಜೊತೆಜೊತೆಗೆ."

ಬೋಪಣ್ಣನ ಅಜ್ಜ ತೀರಿಕೊಂಡಾಗ ಅವಳು ಕೊಡಗಿನಲ್ಲೇ ಇದ್ದಳು, ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಒಲೆ ಆರಿಸಿದಳು. "ನನ್ನ ಬಿಟ್ಟು ಹೊಡದ್ಯಾ?"

ಅವರು ತಲೆ ತಗ್ಗಿಸಿದರು. ದಿನವೆಲ್ಲ ಕಟ್ಟಿದ್ದು ಈಗ ಕುಸಿಯಿತು ಎಂದುಕೊಂಡೆ. ವೀಣಾ ಸೌಟು ಕೆಳಗಿಟ್ಟು ಅವರ ಒದ್ದೆ ಕೈಗಳನ್ನು ಹಿಡಿದುಕೊಂಡಳು. "ಹೆಸರು ಹೇಳಿ ಹೊಡೀಬೇಕಿತ್ತಲ್ಲೋ, ಬೋಪು. ನಾ ಹೆಸರು ಇಟ್ಟಿದ್ದೆ. ನಿನಗ ಇನ್ನೂ ತ್ರಾಸ ಆಗ್ತದ ಅಂತ ಹೇಳಿರಲಿಲ್ಲ. ದೇಚಮ್ಮ. ನಿನ್ನ ಅಜ್ಜಿ ಹೆಸರು."

ಬೋಪಣ್ಣ ಕುರ್ಚಿ ಎಳೆದುಕೊಂಡು ಕೂತು ಅತ್ತರು. ಎರಡು ವರ್ಷದ್ದು, ತಡೆಯಿಲ್ಲದೆ. ವೀಣಾ ಅವರ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡು, ತಾನೂ ಅಳುತ್ತ ನಿಂತಳು.

ನಾನು ಆಚೆ ತಿರುಗಿ ಒಲೆ ಹಚ್ಚಿದೆ, ರವೆ ಕೈಯಾಡಿಸಿದೆ. ದೇಚಮ್ಮ, ದೇಚಮ್ಮ ಅಂತ ಬಾಯೊಳಗೇ ಹೇಳಿ ನೋಡಿದೆ. ಬರುವ ಮಾರ್ಚಿನಲ್ಲಿ ಅಜ್ಜನಾಗುತ್ತೇನೆ ಅಂತ ಧಾರವಾಡದಲ್ಲಿ ಕಂಡಕಂಡವರಿಗೆ ಹೇಳಿಕೊಂಡು ಬಂದಿದ್ದೆ. ನಾನು ಎರಡು ವರ್ಷದ ಹಿಂದೆಯೇ ಅಜ್ಜನಾಗಿದ್ದೆ.