ಎರವಲು ಹೋಗದ ಪುಸ್ತಕಗಳು

2016ರ ಅಕ್ಟೋಬರ್ 18, ಮಂಗಳವಾರ, ಬೆಳಿಗ್ಗೆ ಎಂಟು ನಲವತ್ತು. ನಾಟಿಂಗ್‌ಹ್ಯಾಮ್‌ನ ಒಂದು ಕಾಲೇಜಿನ ಹಿಂಬದಿಯಲ್ಲಿ ದಾಕ್ಷಾಯಣಿ ಕಸದ ಡಬ್ಬಿಯೊಳಗೆ ಭುಜದವರೆಗೆ ಕೈ ಇಳಿಸಿ ಪುಸ್ತಕ ಹೆಕ್ಕುತ್ತಿದ್ದರು. ಕ್ಯಾಂಟೀನಿನವರು ಸುರಿದ ಒಡೆದ ಹಾಲು ಪುಟಗಳ ನಡುವೆ ಇಳಿದಿತ್ತು. ಹುಳಿ ನಾತ ಹೊಡೆಯುತ್ತಿತ್ತು. ಹನ್ನೆರಡು ಸಿಕ್ಕವು, ಐದು ಒರೆಸಿದರೂ ಉಳಿಯುವಂತಿರಲಿಲ್ಲ. ಎಲ್ಲವೂ ಒಂದೇ ಶೆಲ್ಫಿನವು: ಪೊಲೀಸರು, ಕೋರ್ಟು, ಜೈಲು, ಮತ್ತು ಅವುಗಳ ಕೈಯಲ್ಲಿ ಕಪ್ಪು, ಕಂದು ಮೈಬಣ್ಣದವರ ಪಾಡು.

ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡಿ, ಡಾಕ್ಟರ್ ಗಂಡನ ಜೊತೆ ಇಂಗ್ಲೆಂಡಿಗೆ ಬಂದ ದಾಕ್ಷಾಯಣಿ ಈ ಲೈಬ್ರರಿಯಲ್ಲಿ ಎಂಟು ವರ್ಷದಿಂದ ಸಹಾಯಕಿ. ಓದಿ ಮೇಜಿನ ಮೇಲೆ ಬಿಟ್ಟುಹೋದದ್ದನ್ನು ಜಾಗಕ್ಕೆ ಸೇರಿಸುವುದು ಅವರ ಕೆಲಸ. ಆಗ ಅಧ್ಯಯನಕ್ಕೆಂದು ಗುಡ್ಡದಲ್ಲಿ ಚೌಕ ಹಾಕಿ ಹುಲ್ಲಿನ ಬುಡ ಎಣಿಸಿದ ಕೈ ಸುಮ್ಮನಿರುತ್ತದೆಯೇ? ಆ ಶೆಲ್ಫಿನ ಪುಸ್ತಕ ಮೇಜಿನ ಮೇಲೆ ಕಂಡಾಗಲೆಲ್ಲ ಹಾಳೆಯಲ್ಲಿ ತಾರೀಖು ಹಾಕಿ ಒಂದು ಗೀಟು ಎಳೆಯುತ್ತಿದ್ದರು. ಎರಡು ವರ್ಷದಿಂದ, ಕಾಲೇಜು ನಡೆಯುವ ದಿನಗಳಲ್ಲಿ, ವಾರಕ್ಕೆ ಐದಾರು ಗೀಟು. ಆದರೂ ಆ ಪುಸ್ತಕಗಳು ಎರವಲು ಹೋಗುತ್ತಿರಲಿಲ್ಲ. ಹಿಂದಿನ ವಾರ ಕಾರಣ ಹೇಳಿದವಳು ಇದೇ ಕಾಲೇಜಿನ ವಿದ್ಯಾರ್ಥಿನಿ ಉಮೈಮಾ.

ಅವಳು ಹನ್ನೊಂದನೇ ವಯಸ್ಸಿಗೆ ಶಿವಮೊಗ್ಗದಿಂದ ಬಂದವಳು, ಎಂಜಿನಿಯರೊಬ್ಬರ ಮಗಳು. ಪೊಲೀಸರು ರಸ್ತೆಯಲ್ಲಿ ಯಾರನ್ನು ತಡೆದು ಜೇಬು ತಡಕುತ್ತಾರೆ ಎಂಬುದರ ಮೇಲೆ ನವೆಂಬರ್ ಕೊನೆಗೆ ಪ್ರಬಂಧ ಕೊಡಬೇಕಿತ್ತು. ಶೆಲ್ಫಿನ ಬಳಿ ನಿಂತೇ ಓದುತ್ತಿದ್ದವಳಿಗೆ ದಾಕ್ಷಾಯಣಿ ಹೇಳಿದ್ದರು:

"ಮನೆಗೆ ತಗೊಂಡ್ಹೋಗಮ್ಮ, ಕಾರ್ಡ್ ಕೊಡು. ನಿಂತು ಓದೋಕೆ ಇದೇನು ಬಸ್ ಸ್ಟಾಪಾ?"

"ಬೇಡ ಆಂಟಿ. ಕಂಪ್ಯೂಟರಲ್ಲಿ ಉಮೈಮಾ ಅಂತ ಹೆಸರು, ಪಕ್ಕದಲ್ಲೇ ಪೊಲೀಸ್, ಜೈಲು. ಸ್ಟೂಡೆಂಟ್ಸ್ ಮೇಲೆ ಟೆರರಿಸಂ ಅನುಮಾನ ಬಂದ್ರೆ ರಿಪೋರ್ಟ್ ಮಾಡಿ ಅಂತ ಟೀಚರ್ಸ್‌ಗೆ ಟ್ರೈನಿಂಗ್ ಬೇರೆ ಆಗಿದೆ. ನಮ್ಮಲ್ಲಿ ಯಾರೂ ತಗೊಳ್ಳಲ್ಲ."

ಆ ಟ್ರೈನಿಂಗಿನಲ್ಲಿ ದಾಕ್ಷಾಯಣಿಯೂ ಕೂತಿದ್ದರು. ಬಿಸ್ಕತ್ತು ತಿಂದು ಸಹಿ ಹಾಕಿ ಬಂದಿದ್ದರು. ಆ ಸಹಿ ನೆನಪಾಗಿ ತಮ್ಮ ಮೇಲೇ ಹೇಸಿಗೆಯಾಯಿತು.

ಆ ಮಂಗಳವಾರ ಮೂರು ಸಲ ಕೈ ತೊಳೆದು ನೇರ ಲೈಬ್ರರಿಯ ಮುಖ್ಯಸ್ಥರ ಕೋಣೆಗೆ ಹೋದರು. ಹರಿಶ್ಚಂದ್ರ ಉಡುಪಿ ಕಡೆಯವರು. ಇಲ್ಲ ಎನ್ನಬೇಕಾದಾಗ ಮಾತ್ರ ಅವರಿಗೆ ಕನ್ನಡ ನೆನಪಾಗುತ್ತಿತ್ತು.

"ಎರಡು ವರ್ಷದಲ್ಲಿ ಆ ಶೆಲ್ಫಿನಿಂದ ಹೋದದ್ದು ಮೂರೇ ಪುಸ್ತಕ, ದಾಕ್ಷಾಯಣಿಯವರೇ. ಸಿಸ್ಟಮ್ ಹೇಳ್ತದೆ. ಅಲ್ಲಿ ಸೋಫಾ ಬರ್ತದೆ."

"ಓದೋರು ಇಲ್ಲೇ ಓದ್ತಾರೆ ಸರ್. ನನ್ನ ಹತ್ರ ಲೆಕ್ಕ ಇದೆ."

"ಹಾಗಾದ್ರೆ ಗುರುವಾರ ಮೀಟಿಂಗಿನಲ್ಲಿ ಹೇಳಿ. ಉಳಿದದ್ದನ್ನು ಅಲ್ಲಿವರೆಗೆ ಮುಟ್ಟುದಿಲ್ಲ."

ಅಂದು ಸಂಜೆ ದಾಕ್ಷಾಯಣಿ ಉಮೈಮಾಳಿಗೆ ಬೇಕಾದ ಒಂಬತ್ತು ಪುಸ್ತಕಗಳನ್ನು ತಮ್ಮ ಕಾರ್ಡಿಗೇ ಹಾಕಿಸಿ, ಚೀಲದಲ್ಲಿಟ್ಟು ಅವಳ ಕೈಗೆ ಕೊಟ್ಟರು.

"ಯಾರಾದ್ರೂ ಕೇಳಿದ್ರೆ, ದಾಕ್ಷಾಯಣಿ ಆಂಟಿ ಜೈಲಿಗೆ ಹೋಗೋ ತಯಾರಿಲಿದಾರೆ ಅನ್ನು."

ಗುರುವಾರದ ಮೀಟಿಂಗಿನಲ್ಲಿ ಏಳು ಜನ. ಗೀಟಿನ ಹಾಳೆಗಳನ್ನು ಹರಿಶ್ಚಂದ್ರ ಎರಡು ಬೆರಳಲ್ಲಿ, ಒದ್ದೆ ಬಟ್ಟೆ ಎತ್ತುವವರ ಹಾಗೆ, ಎತ್ತಿ ನೋಡಿದರು. ನಂತರ ಬಗ್ಗಿ, ಉಳಿದವರಿಗೆ ಅರ್ಥವಾಗದಂತೆ ಕನ್ನಡದಲ್ಲಿ ಹೇಳಿದರು: "ಗೀಟು ಯಾರು ಬೇಕಾದ್ರೂ ಎಳೀಬಹುದು. ಓದಿದವರ ಹೆಸರು ಕೊಡಿ, ಶೆಲ್ಫ್ ಉಳಿಸ್ತೇನೆ."

ದಾಕ್ಷಾಯಣಿಗೆ ಹತ್ತೊಂಬತ್ತು ಹೆಸರು ಗೊತ್ತಿದ್ದವು. ಯಾರು ಕಿಟಕಿಯ ಬಳಿ ಕೂರುತ್ತಾರೆ, ಯಾರು ಪುಟದ ಮೂಲೆ ಮಡಿಸುತ್ತಾರೆ ಎಂಬುದೂ ಗೊತ್ತಿತ್ತು. ಪುಸ್ತಕ ಉಳಿಸಲು ಓದುಗರನ್ನೇ ಬೆಲೆಯಾಗಿ ಕೇಳುವ ಆ ನಗುಮುಖದ ಮುಂದಿನಿಂದ ಹಾಳೆಗಳನ್ನು ತಮ್ಮ ಕಡೆ ಎಳೆದುಕೊಂಡರು.

"ಹೆಸರು ಕೊಡಲ್ಲ ಸರ್."

ಜನವರಿಯಲ್ಲಿ ಶೆಲ್ಫ್ ಹೋಯಿತು, ಸೋಫಾ ಬಂತು. ಉಮೈಮಾಳ ಪ್ರಬಂಧ ಅಷ್ಟರಲ್ಲಿ ಮುಗಿದಿತ್ತು. ಮೀಟಿಂಗಿನ ವರದಿಯಲ್ಲಿ ಸೆಪ್ಟೆಂಬರ್ ಕೊನೆಯವರೆಗೆ ಆ ಪುಸ್ತಕಗಳ ಬಳಕೆ ಮೂರು ಎಂದಷ್ಟೇ ಇದೆ. "ಹೆಸರಿಲ್ಲದಿದ್ರೆ ಮತ್ತೆ ಏನು ಕೊಡ್ತೀರಿ?" ಎಂದು ಹರಿಶ್ಚಂದ್ರ ಕೇಳಿದಾಗ ದಾಕ್ಷಾಯಣಿ ಎದ್ದು ನಿಂತು, ಏಳೂ ಜನಕ್ಕೆ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದ ಗೀಟುಗಳ ಮೊತ್ತ ಅದರಲ್ಲಿ ಇಲ್ಲ: ನಾನೂರ ಹದಿನೇಳು.